ಸಿಮ್ಯುಲೇಟರಿನಲ್ಲಿ ವಿಮಾನ ಎಷ್ಟು ನಿಜ, ಯುದ್ಧ ಎಷ್ಟು ನಿಜ?

ಪ್ರಶ್ನೆ: ತೊಂಬತ್ತರ ದಶಕದ ಕೊನೆಯಲ್ಲಿ ಎಫ್-16 ಯುದ್ಧವಿಮಾನ ಹಾರಿಸುವ ಫಾಲ್ಕನ್ 4.0 ಎಂಬ ಕಂಪ್ಯೂಟರ್ ಆಟ ಆಡುತ್ತಿದ್ದೆ. ಆಮೇಲೆ ಕೆಲಸ, ಸಂಸಾರ ಎಂದು ಬಿಟ್ಟುಹೋಯಿತು. ಈಗ ಮತ್ತೆ ಆಡಬೇಕೆನಿಸಿದೆ. ಇಂದಿನ ಯುದ್ಧವಿಮಾನ ಸಿಮ್ಯುಲೇಟರುಗಳು ನಿಜವಾದ ವಿಮಾನಕ್ಕೆ ಸರಿಸಮ ಎಂದು ಕೆಲವರು ಹೇಳುತ್ತಾರೆ. ನೋಡಲು ಚೆಂದ, ಆದರೆ ಒಳಗೆ ಜೀವವಿಲ್ಲ ಎಂದು ಇನ್ನು ಕೆಲವರು ಹೇಳುತ್ತಾರೆ. ಯಾರ ಮಾತನ್ನು ನಂಬಲಿ? ಮತ್ತೆ ಶುರು ಮಾಡುವುದಾದರೆ ಯಾವುದರಿಂದ ಮಾಡಲಿ?

ಉತ್ತರ: ಇಬ್ಬರ ಮಾತೂ ಸರಿ. ಆದರೆ ಅವರು ಮಾತನಾಡುತ್ತಿರುವುದು ಎರಡು ಬೇರೆ ಬೇರೆ ವಸ್ತುಗಳ ಬಗ್ಗೆ. ಮೊದಲನೆಯವರ ಕಣ್ಣ ಮುಂದಿರುವುದು ವಿಮಾನ. ಎರಡನೆಯವರು ಹುಡುಕುತ್ತಿರುವುದು ಆ ವಿಮಾನ ಹಾರಬೇಕಾದ ಯುದ್ಧ. ನೀವು ಆಟ ಬಿಟ್ಟ ಮೇಲಿನ ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ವಿಮಾನವೆಂಬ ಯಂತ್ರವನ್ನು ಮನೆಯ ಕಂಪ್ಯೂಟರಿನಲ್ಲಿ ಕಟ್ಟುವ ಕೆಲಸ ಅಂದು ಯಾರೂ ಊಹಿಸದಷ್ಟು ಮುಂದೆ ಹೋಗಿದೆ. ಯುದ್ಧವನ್ನು, ಅಂದರೆ ಎದುರಾಳಿಯ ಬುದ್ಧಿ, ನೆಲದ ಮೇಲಿನ ಸೇನೆಯ ಚಲನೆ, ಗೊಂದಲ, ಭಯ ಇವೆಲ್ಲವನ್ನೂ ಕಟ್ಟುವ ಕೆಲಸ ಮಾತ್ರ ಹೆಚ್ಚೂಕಡಿಮೆ ಅಲ್ಲೇ ನಿಂತಿದೆ. ಒಂದೆರಡು ಕಡೆ ಹಿಂದಕ್ಕೂ ಸರಿದಿದೆ. ಈ ಅಂತರವನ್ನು ಮೊದಲೇ ತಿಳಿದುಕೊಂಡು ಕುಳಿತರೆ ನಿಮಗೆ ನಿರಾಸೆಯಾಗುವುದಿಲ್ಲ.

ಯಂತ್ರದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಂದಿನ ಸಿಮ್ಯುಲೇಟರುಗಳ ನಿಜವಾದ ಹೆಗ್ಗಳಿಕೆ ಇರುವುದು ಅಲ್ಲಿಯೇ. ಈಗಲ್ ಡೈನಮಿಕ್ಸ್ ಸಂಸ್ಥೆಯ ಡಿಸಿಎಸ್ ವರ್ಲ್ಡ್ ಇಂದು ಈ ಕ್ಷೇತ್ರದ ಮುಖ್ಯ ವೇದಿಕೆ. ಅದರಲ್ಲಿ 2011ರಲ್ಲಿ ಬಂದ ಎ-10ಸಿ ವಿಮಾನ ಅಮೆರಿಕದ ಏರ್ ನ್ಯಾಷನಲ್ ಗಾರ್ಡ್‌ಗಾಗಿ ಮಾಡಿದ ತರಬೇತಿ ತಂತ್ರಾಂಶದಿಂದ ಹುಟ್ಟಿದ್ದು. ಕಾಕ್‌ಪಿಟ್‌ನ ಪ್ರತಿಯೊಂದು ಸ್ವಿಚ್ಚನ್ನೂ ಮೌಸ್‌ನಿಂದ ಒತ್ತಬಹುದು, ಒತ್ತಿದ್ದಕ್ಕೆ ತಕ್ಕ ಪರಿಣಾಮವೂ ಆಗುತ್ತದೆ ಎಂಬ ಮಟ್ಟದ ವಿವರ ಅಲ್ಲಿಂದ ಈಚೆಗೆ ವಾಡಿಕೆಯಾಯಿತು. ಅದೇ ವೇದಿಕೆಯ ಎಫ್-16ರಲ್ಲಿ, ವಿಮಾನದ ಚಲನೆಯನ್ನು ಅಳೆದು ಅದು ಎಲ್ಲಿದೆಯೆಂದು ತಿಳಿಸುವ ಜಡತ್ವ ದಿಕ್ಸೂಚಿ ವ್ಯವಸ್ಥೆ ತನ್ನ ಸ್ಥಾನವನ್ನು ತಾನೇ ಗುರುತಿಸಿಕೊಳ್ಳಲು ಪೂರ್ಣ ವಿಧಾನದಲ್ಲಿ ಸುಮಾರು 8 ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ತಾಳ್ಮೆಯಿಲ್ಲದೆ ಮೊದಲೇ ಚಕ್ರ ಉರುಳಿಸಿದರೆ, ಗುರಿಯ ಹತ್ತಿರ ಬಂದಾಗ ಬಾಂಬು ಬೀಳಬೇಕಾದ ಜಾಗವೇ ಪಕ್ಕಕ್ಕೆ ಸರಿದಿರುತ್ತದೆ. ಹೀಟ್‌ಬ್ಲರ್ ತಂಡ 2019ರಲ್ಲಿ ಹೊರತಂದ ಎಫ್-14ಕ್ಕೆ ಆಮೇಲೆ ಸೇರಿದ ಎ ಮಾದರಿಯಲ್ಲಿ, ಮೂತಿ ಮೇಲೆತ್ತಿ ತಿರುಗುವಾಗ ಎಂಜಿನ್ನಿನ ಬಲ ಹೆಚ್ಚುಕಡಿಮೆ ಮಾಡುವ ಥ್ರಾಟಲನ್ನು ಒರಟಾಗಿ ಎಳೆದಾಡಿದರೆ ಎಂಜಿನ್ ಉಸಿರುಗಟ್ಟುತ್ತದೆ. ನಿಜವಾದ ಟಿಎಫ್30 ಎಂಜಿನ್‌ಗೂ ಇದೇ ಕೆಟ್ಟ ಹೆಸರಿತ್ತು. ಅದೇ ತಂಡದ ಎಫ್-4ಇ 2024ರಲ್ಲಿ ಬಂತು. ಹಳೆಯ ರೇಡಾರಿನ ಮಸುಕು ಪರದೆಯಲ್ಲಿ ನೆಲದಿಂದ ಮರಳುವ ಅಲೆಗಳ ಗದ್ದಲದ ನಡುವೆ ವಿಮಾನವನ್ನು ಹುಡುಕುವ ಕಷ್ಟವನ್ನು ಅದರಷ್ಟು ಚೆನ್ನಾಗಿ ತೋರಿಸಿದ ಇನ್ನೊಂದನ್ನು ನಾನು ಕಂಡಿಲ್ಲ.

ಸ್ವಿಚ್ಚುಗಳ ಸಂಖ್ಯೆಯನ್ನು ಕಂಡು ಬೆರಗಾಗುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಅದು ಮೇಲುಮೇಲಿನ ವಿಷಯ. ಹೆಚ್ಚು ಬೆಲೆಯುಳ್ಳದ್ದು ಹಾರಾಟದ ಭೌತಶಾಸ್ತ್ರ. ಇದನ್ನು ಒಂದು ಉದಾಹರಣೆಯಲ್ಲಿ ಹತ್ತಿರದಿಂದ ನೋಡೋಣ. ಎಫ್/ಎ-18ಸಿ ವಿಮಾನವನ್ನು ವಿಮಾನವಾಹಕ ಯುದ್ಧನೌಕೆಯ ಮೇಲೆ ಇಳಿಸಬೇಕು. 800 ಅಡಿ ಎತ್ತರದಲ್ಲಿ ಹಡಗಿನ ಬಲಪಕ್ಕದಲ್ಲೇ ಹಾದುಹೋಗಿ, ಎಡಕ್ಕೆ ತೀವ್ರವಾಗಿ ತಿರುಗಿ, ವೇಗ ಕಳೆದುಕೊಂಡು, ಹಡಗಿಗೆ ವಿರುದ್ಧ ದಿಕ್ಕಿನಲ್ಲಿ 600 ಅಡಿಗೆ ಇಳಿದು, ಚಕ್ರ ಮತ್ತು ಫ್ಲ್ಯಾಪ್ ಇಳಿಬಿಟ್ಟು, ವಿಮಾನ 8.1 ಡಿಗ್ರಿ ಗಾಳಿಕೋನದಲ್ಲಿ (ಎದುರುಗಾಳಿಗೆ ರೆಕ್ಕೆ ಒಡ್ಡುವ ಕೋನ) ತಾನಾಗಿ ನಿಲ್ಲುವವರೆಗೆ ಟ್ರಿಮ್ ಕೊಡುತ್ತೀರಿ. ಕೊನೆಯ ತಿರುವು ಮುಗಿಸಿ ಹಡಗಿನ ಹಿಂದೆ ನೇರವಾದಾಗ ನಿಮಗೆ ಉಳಿದಿರುವುದು ಹದಿನೈದರಿಂದ ಹದಿನೆಂಟು ಸೆಕೆಂಡು. ಇಳಿಯುವ ದಾರಿ ತೋರಿಸಲು ಹಡಗಿನಲ್ಲಿರುವ ದೀಪದ ಚೆಂಡು ಕೆಳಗಿಳಿಯುತ್ತಿದೆ, ಅಂದರೆ ನೀವು ತಗ್ಗಿದ್ದೀರಿ. ಹೊಸಬ ಸಹಜವಾಗಿಯೇ ಸ್ಟಿಕ್ಕನ್ನು ಹಿಂದಕ್ಕೆ ಎಳೆಯುತ್ತಾನೆ. ಮೂತಿ ಮೇಲೇಳುತ್ತದೆ, ಒಂದು ಕ್ಷಣ ಎಲ್ಲ ಸರಿಹೋದಂತೆ ಕಾಣುತ್ತದೆ, ಮರುಕ್ಷಣ ವಿಮಾನ ಇನ್ನೂ ಜೋರಾಗಿ ಕುಸಿಯುತ್ತದೆ. ಅಷ್ಟು ಕಡಿಮೆ ವೇಗದಲ್ಲಿ ಮೂತಿ ಎತ್ತಿದಷ್ಟೂ ಗಾಳಿಯ ಎಳೆತ ಹೆಚ್ಚಿ ವೇಗ ಇನ್ನಷ್ಟು ಕುಂದುವುದರಿಂದ, ಎತ್ತರವನ್ನು ಸರಿಪಡಿಸಬೇಕಾದ್ದು ಎಡಗೈಯಲ್ಲಿರುವ ಥ್ರಾಟಲ್. ಅದೂ ಒಂದು ಚಿಟಿಕೆ ಮುಂದೆ, ಅರೆ ಚಿಟಿಕೆ ಹಿಂದೆ, ಮತ್ತೆ ಮುಂದೆ ಎಂದು ಎಡೆಬಿಡದೆ ಕೈಯಾಡುತ್ತಿರಬೇಕು. ಚಕ್ರ ಹಡಗಿನ ಡೆಕ್ಕಿಗೆ ತಾಗಿದ ಕ್ಷಣದಲ್ಲೇ ಥ್ರಾಟಲನ್ನು ಪೂರ್ತಿ ಮುಂದಕ್ಕೆ ತಳ್ಳಬೇಕು, ಏಕೆಂದರೆ ವಿಮಾನದ ಬಾಲದ ಕೊಕ್ಕೆ ಡೆಕ್ಕಿಗೆ ಅಡ್ಡಲಾಗಿ ಬಿಗಿದ ತಂತಿಗೆ ಸಿಕ್ಕದಿದ್ದರೆ ಮತ್ತೆ ಮೇಲೇಳಲು ಬೇರೆ ಅವಕಾಶವಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಏನೆಂದರೆ, "ಸ್ಟಿಕ್ ಎಳೆದರೆ ಕುಸಿ" ಎಂಬ ಸಾಲನ್ನು ತಂತ್ರಾಂಶದಲ್ಲಿ ಯಾರೂ ಬರೆದಿರುವುದಿಲ್ಲ. ರೆಕ್ಕೆಯ ಎತ್ತುಬಲ, ಎಳೆತ, ಎಂಜಿನ್ನಿನ ತಳ್ಳುಬಲ, ತೂಕ ಇವುಗಳ ಲೆಕ್ಕ ಸೆಕೆಂಡಿಗೆ ಹತ್ತಾರು ಬಾರಿ ನಡೆದು, ಆ ಲೆಕ್ಕದಿಂದ ತಾನಾಗಿಯೇ ಹೊರಬೀಳುವ ನಡತೆ ಅದು. ನೌಕಾಪಡೆಯ ಪೈಲಟ್ ಕಲಿಯುವ ಅದೇ ಪಾಠವನ್ನು ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತವನೂ, ಅದೇ ತಪ್ಪು ಮಾಡಿ, ಅದೇ ಕಾರಣಕ್ಕೆ ಕಲಿಯುತ್ತಾನೆ. ನನಗೆ ಮೊದಲ ಬಾರಿ ತಂತಿ ಸಿಗುವ ಹೊತ್ತಿಗೆ ಎರಡು ವಾರ ಕಳೆದಿತ್ತು. ಆ ಸಂಜೆ ಎದ್ದುಹೋಗಿ ನೀರು ಕುಡಿದು ಬಂದದ್ದು ಈಗಲೂ ನೆನಪಿದೆ, ಕೈ ನಡುಗುತ್ತಿತ್ತು.

ಎರಡನೇ ಮಹಾಯುದ್ಧದ ವಿಮಾನಗಳ ವಿಷಯದಲ್ಲೂ ಇದೇ ಮಾತು. 2001ರ ಇಲ್-2 ಸ್ಟುರ್ಮೊವಿಕ್ ಹಾಕಿಕೊಟ್ಟ ದಾರಿಯಲ್ಲಿ, 2014ರಲ್ಲಿ ಸ್ಟಾಲಿನ್‌ಗ್ರಾಡ್ ಕದನದೊಂದಿಗೆ ಆರಂಭವಾದ ಇಲ್-2 ಗ್ರೇಟ್ ಬ್ಯಾಟಲ್ಸ್ ಸರಣಿಯ ಬಿಎಫ್-109 ವಿಮಾನವನ್ನು ಒಮ್ಮೆ ರನ್‌ವೇಯಿಂದ ಎಬ್ಬಿಸಿ ನೋಡಿ. ಪ್ರೊಪೆಲರ್ ಇಡೀ ವಿಮಾನವನ್ನು ಪಕ್ಕಕ್ಕೆ ಎಳೆಯುತ್ತದೆ, ಬಾಲದ ಚಕ್ರ ಬೇಗ ಎತ್ತಿದರೆ ಹಿಡಿತ ತಪ್ಪುತ್ತದೆ, ಪೆಡಲಿನ ಮೇಲೆ ಕಾಲು ಸದಾ ಕುಣಿಯುತ್ತಿರಬೇಕು. ಈ ಸರಣಿಯ ಕಾಕ್‌ಪಿಟ್‌ನಲ್ಲಿ ಸ್ವಿಚ್ಚು ಒತ್ತುವ ಗೋಜಿಲ್ಲ, ಎಂಜಿನ್ ಒಂದೇ ಕೀಲಿಗೆ ಶುರುವಾಗುತ್ತದೆ. ಇದನ್ನು ಕೊರತೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಸ್ವಿಚ್ಚುಗಳಿಗೆ ವ್ಯಯಿಸದ ಶ್ರಮವನ್ನು ಅವರು ರೆಕ್ಕೆಗೆ ಗುಂಡು ತಾಗಿದರೆ ಏನಾಗಬೇಕು ಎಂಬುದರ ಮೇಲೆ ಹಾಕಿದ್ದಾರೆ.

ಇನ್ನು ಕೊರತೆಗಳಿಗೆ ಬರೋಣ. ಮೊದಲನೆಯದು ಕಣ್ಣು. ಇದು ಯಾರ ತಪ್ಪೂ ಅಲ್ಲ, ಗಣಿತ. ಚೆನ್ನಾಗಿರುವ ಮನುಷ್ಯನ ಕಣ್ಣು ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಚಿಕ್ಕ ವಿವರವನ್ನು ಗುರುತಿಸಬಲ್ಲದು. 1920 ಪಿಕ್ಸೆಲ್ ಅಗಲದ ಪರದೆಯಲ್ಲಿ 90 ಡಿಗ್ರಿಯ ನೋಟವನ್ನು ತುಂಬಿದರೆ ಒಂದು ಡಿಗ್ರಿಗೆ ಸಿಗುವುದು ಸರಾಸರಿ 21 ಪಿಕ್ಸೆಲ್. ಎಫ್-16 ಸುಮಾರು 15 ಮೀಟರ್ ಉದ್ದವಿದೆ. 5 ಕಿಲೋಮೀಟರ್ ದೂರದಲ್ಲಿ ಅದು ತನ್ನ ಪಕ್ಕವನ್ನು ತೋರಿಸಿಕೊಂಡು ಹಾರುತ್ತಿದ್ದರೆ ನಿಜವಾದ ಕಣ್ಣಿಗೆ ಅದರ ಉದ್ದಕ್ಕೂ ಹತ್ತು ವಿವರಗಳಷ್ಟು ಕಾಣುತ್ತದೆ, ಪರದೆಯ ಮೇಲೆ ಮೂರೋ ನಾಲ್ಕೋ ಪಿಕ್ಸೆಲ್. ಅದೇ ವಿಮಾನ ನೇರವಾಗಿ ನಿಮ್ಮತ್ತ ಮೂತಿ ಮಾಡಿ ಬಂದರೆ ಅದರ ಒಡಲು ಒಂದು ಪಿಕ್ಸೆಲ್ಲನ್ನೂ ತುಂಬುವುದಿಲ್ಲ. ನೋಟವನ್ನು ಕಿರಿದು ಮಾಡಿ ದೊಡ್ಡದಾಗಿಸಿ ನೋಡಬಹುದು, ಆದರೆ ಆಗ ಉಳಿದ ಆಕಾಶ ಕಣ್ಣಿಂದ ಮರೆಯಾಗುತ್ತದೆ. ತಯಾರಕರು ದೂರದ ವಿಮಾನವನ್ನು ಬೇಕೆಂದೇ ಸ್ವಲ್ಪ ದೊಡ್ಡದಾಗಿ, ಇಲ್ಲವೇ ಕಪ್ಪು ಚುಕ್ಕೆಯಾಗಿ ತೋರಿಸುತ್ತಾರೆ. ಆಗ ಚುಕ್ಕೆ ಹಿಗ್ಗಿತೆಂದು ಒಂದು ಗುಂಪಿನ ದೂರು, ಕುಗ್ಗಿತೆಂದು ಇನ್ನೊಂದು ಗುಂಪಿನ ದೂರು. ದುಬಾರಿ ಪರದೆ ಕೊಂಡವನಿಗಿಂತ ರೆಸಲ್ಯೂಷನ್ ತಗ್ಗಿಸಿಕೊಂಡವನಿಗೆ ಚುಕ್ಕೆ ದೊಡ್ಡದಾಗಿ ಕಾಣುವ ತಮಾಷೆಯೂ ಇಲ್ಲಿ ನಡೆದಿದೆ.

ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ ಇದಕ್ಕೆ ಪರಿಹಾರ ಎನ್ನುವಿರೇನೋ. ಅರ್ಧ ನಿಜ. ವಿಆರ್‌ನಲ್ಲಿ ದೂರದ ಅಂದಾಜು, ತಿರುವಿನ ಅಂದಾಜು, ಜೊತೆಯ ವಿಮಾನದ ರೆಕ್ಕೆಗೆ ರೆಕ್ಕೆ ಕೊಟ್ಟು ಹಾರುವ ಹದ ಇವೆಲ್ಲ ಥಟ್ಟನೆ ಕೈಗೆ ಬರುತ್ತವೆ. ಗಾಳಿಯಲ್ಲಿ ಇಂಧನ ತುಂಬಿಸಿಕೊಳ್ಳಲು ತಿಂಗಳುಗಟ್ಟಲೆ ಒದ್ದಾಡಿದವರು ಹೆಡ್‌ಸೆಟ್ ಹಾಕಿದ ವಾರದಲ್ಲಿ ಕಲಿತದ್ದನ್ನು ನೋಡಿದ್ದೇನೆ. ಆದರೆ ಡಿಗ್ರಿಗೆ ಸಿಗುವ ಪಿಕ್ಸೆಲ್ ಸಾಮಾನ್ಯ ಹೆಡ್‌ಸೆಟ್ಟುಗಳಲ್ಲಿ ಇಪ್ಪತ್ತೈದರ ಆಸುಪಾಸಿನಲ್ಲೇ ಇರುವುದರಿಂದ ದೂರದ ಚುಕ್ಕೆಯ ಸಮಸ್ಯೆ ಹಾಗೆಯೇ ಉಳಿಯುತ್ತದೆ. ಜೊತೆಗೆ ಎರಡು ಕಣ್ಣಿಗೂ ಪ್ರತ್ಯೇಕ ಚಿತ್ರ ಬರೆಯುವ ಹೊರೆ ಗ್ರಾಫಿಕ್ಸ್ ಕಾರ್ಡಿನ ಬೆನ್ನು ಮುರಿಯುತ್ತದೆ. ತಲೆಯ ಚಲನೆಯನ್ನು ಕ್ಯಾಮೆರಾದಿಂದ ಗುರುತಿಸುವ ಸಾಧನ ಅಗ್ಗವಾದ ಮಧ್ಯಮಾರ್ಗ.

ಎರಡನೆಯ ಕೊರತೆ ದೇಹ. 9 ಜಿ ತಿರುವಿನಲ್ಲಿ, ಅಂದರೆ ತೂಕ ಒಂಬತ್ತು ಪಟ್ಟಾಗುವ ತಿರುವಿನಲ್ಲಿ, 70 ಕಿಲೋ ಮನುಷ್ಯ 630 ಕಿಲೋ ಆಗುತ್ತಾನೆ. ಹೆಲ್ಮೆಟ್ ಸೇರಿ ಆರು ಕಿಲೋ ತೂಗುವ ತಲೆ ಐವತ್ತು ಕಿಲೋ ಮೀರುತ್ತದೆ. ಆ ಸ್ಥಿತಿಯಲ್ಲಿ ಕುತ್ತಿಗೆ ಹೊರಳಿಸಿ ಬಾಲದ ಹಿಂದಿರುವ ಶತ್ರುವನ್ನು ನೋಡುವುದು ಎಷ್ಟು ಕಷ್ಟವೆಂಬುದನ್ನು ಪರದೆಯ ಅಂಚು ಕಪ್ಪಾಗುವುದರಿಂದ ತಿಳಿಸಲಾಗದು. ನಾವಂತೂ ತಲೆಯನ್ನು ಮೂವತ್ತು ಡಿಗ್ರಿ ಹೊರಳಿಸಿದರೆ ಸಾಧನ ಅದನ್ನು ಹಿಗ್ಗಿಸಿ ನೂರೈವತ್ತು ಡಿಗ್ರಿ ಹಿಂದಿನ ನೋಟವನ್ನು ತೋರಿಸುತ್ತದೆ. ಕೈಯಲ್ಲಿ ಚಹಾದ ಲೋಟವೂ ಇರಬಹುದು. ಹೀಗಾಗಿ ಸಿಮ್ಯುಲೇಟರಿನ ನಾಯಿಜಗಳಗಳು, ಅಂದರೆ ಹತ್ತಿರದ ವಿಮಾನ ಕಾಳಗಗಳು, ನಿಜಕ್ಕಿಂತ ದೀರ್ಘವಾಗಿ, ನಿಜಕ್ಕಿಂತ ಉಗ್ರವಾಗಿ, ಯಾರೂ ದಣಿಯದೆ ನಡೆಯುತ್ತವೆ.

ಕೈಯ ವಿಷಯವೂ ಇದರೊಳಗೇ ಬರುತ್ತದೆ. ಹಳೆಯ ವಿಮಾನಗಳಲ್ಲಿ ವೇಗ ಹೆಚ್ಚಿದಂತೆ ಸ್ಟಿಕ್ ಬಿಗಿಯಾಗುತ್ತದೆ. ಟ್ರಿಮ್ ಎಂಬುದು ಆ ಬಿಗಿತವನ್ನು ಕೈಯಿಂದ ಇಳಿಸುವ ಉಪಾಯ. ಸ್ಪ್ರಿಂಗ್ ಹಾಕಿದ ಮನೆಯ ಜಾಯ್‌ಸ್ಟಿಕ್ ಯಾವ ವೇಗದಲ್ಲೂ ಒಂದೇ ಬಿಗಿ, ನಡುವೆ ಒಂದೇ ಜಾಗ. ಹೆಲಿಕಾಪ್ಟರಿನಲ್ಲಿ ಟ್ರಿಮ್ ಗುಂಡಿ ಒತ್ತಿದ ಮೇಲೆ ನಿಜವಾದ ಸ್ಟಿಕ್ ಅಲ್ಲೇ ನಿಲ್ಲುತ್ತದೆ, ನಮ್ಮದನ್ನು ಮಾತ್ರ ಬೇಗನೆ ನಡುವಿಗೆ ಬಿಡಬೇಕು, ಇಲ್ಲದಿದ್ದರೆ ಹೆಲಿಕಾಪ್ಟರ್ ಪಲ್ಟಿ ಹೊಡೆಯುತ್ತದೆ. ಇದು ಹಾರಾಟದಲ್ಲಿಲ್ಲದ, ಸಿಮ್ಯುಲೇಟರಿನಲ್ಲಷ್ಟೇ ಇರುವ ಒಂದು ಕೌಶಲ್ಯ. ಬಲವನ್ನು ಕೈಗೆ ಮರಳಿಸುವ ಸ್ಟಿಕ್ಕುಗಳು ದೀರ್ಘಕಾಲ ಮಾರುಕಟ್ಟೆಯಿಂದ ಮಾಯವಾಗಿದ್ದು ಈಗ ಸಣ್ಣ ತಯಾರಕರ ಮೂಲಕ ಮರಳಿ ಬರುತ್ತಿರುವುದು ಸಂತೋಷದ ಸಂಗತಿ.

ಮೂರನೆಯದು ರಹಸ್ಯ. ಇದರ ಬಗ್ಗೆ ಜಾಹೀರಾತುಗಳು ತುಟಿ ಬಿಚ್ಚುವುದಿಲ್ಲ. ಒಂದು ವಿಮಾನದ ಹಾರಾಟದ ಕೈಪಿಡಿ ಸಾರ್ವಜನಿಕವಾಗಿ ಸಿಗಬಹುದು. ಅದರ ರೇಡಾರ್ ಒಳಗೆ ಹೇಗೆ ಯೋಚಿಸುತ್ತದೆ, ಅದರ ಮೇಲೆ ಎದುರಾಳಿ ಹರಿಬಿಡುವ ವಿದ್ಯುನ್ಮಾನ ಗೊಂದಲಕ್ಕೆ (ಜ್ಯಾಮಿಂಗ್) ಹೇಗೆ ಪ್ರತಿಕ್ರಿಯಿಸುತ್ತದೆ, ಅದರ ಕ್ಷಿಪಣಿ ಕೊನೆಯ ಕ್ಷಣದಲ್ಲಿ ಯಾವ ತರ್ಕದಿಂದ ಗುರಿಯನ್ನು ಆರಿಸುತ್ತದೆ ಎಂಬುದು ಸಿಗುವುದಿಲ್ಲ. ಸಿಕ್ಕರೆ ಅದು ಅಪರಾಧ: ವಾರ್ ಥಂಡರ್ ಆಟದಲ್ಲಿ ತಮ್ಮ ವಾದವೇ ಸರಿಯೆಂದು ಸಾಧಿಸಲು ಕೆಲವು ಆಟಗಾರರು 2021ರಿಂದೀಚೆಗೆ ಸೇನೆಯ ನಿರ್ಬಂಧಿತ ದಾಖಲೆಗಳನ್ನೇ ಹಂಚಿಕೊಂಡು, ತಯಾರಕರು ಅವನ್ನು ಅಳಿಸಬೇಕಾಗಿ ಬಂದ ಪ್ರಸಂಗಗಳು ಒಂದಲ್ಲ, ಹಲವು.

ಇದರ ಪರಿಣಾಮ ಆಟದಲ್ಲಿ ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ಡಾಪ್ಲರ್ ರೇಡಾರ್ ಚಲಿಸುವ ವಸ್ತುವನ್ನು ನೆಲದಿಂದ ಬೇರ್ಪಡಿಸುವುದು ಅದರ ವೇಗದ ವ್ಯತ್ಯಾಸದಿಂದ. ನೀವು ರೇಡಾರಿಗೆ ಅಡ್ಡವಾಗಿ, ಸರಿಯಾಗಿ ತೊಂಬತ್ತು ಡಿಗ್ರಿಯಲ್ಲಿ ಹಾರಿದರೆ ನಿಮ್ಮ ವೇಗ ಅದರ ದೃಷ್ಟಿಯಲ್ಲಿ ನೆಲದ ವೇಗಕ್ಕೆ ಸಮನಾಗಿ, ನೆಲದ ಜೊತೆ ನೀವೂ ಸೋಸಿಹೋಗುತ್ತೀರಿ. ಇದನ್ನು ನಾಚ್ ಎನ್ನುತ್ತಾರೆ. ತತ್ತ್ವ ನೂರಕ್ಕೆ ನೂರು ನಿಜ. ಆದರೆ ಆ ಜರಡಿಯ ಅಗಲ ಎಷ್ಟು, ಕಳೆದುಹೋದ ಗುರಿಯನ್ನು ರೇಡಾರ್ ಎಷ್ಟು ಹೊತ್ತು ನೆನಪಿನಲ್ಲಿಟ್ಟುಕೊಂಡು ಹುಡುಕುತ್ತದೆ ಎಂಬಲ್ಲಿ ತಯಾರಕರು ಒಂದು ಸಂಖ್ಯೆಯನ್ನು ಊಹಿಸಿ ಹಾಕಬೇಕು. ಆನ್‌ಲೈನ್ ಆಟಗಾರರು ಆ ಸಂಖ್ಯೆಯನ್ನು ಪ್ರಯೋಗ ಮಾಡಿ ಮಾಡಿ ಕಂಡುಹಿಡಿಯುತ್ತಾರೆ. ಆಮೇಲೆ ಅವರು ರೇಡಾರಿನ ವಿರುದ್ಧ ಹೋರಾಡುತ್ತಿರುವುದಿಲ್ಲ, ಆ ಸಂಖ್ಯೆಯ ವಿರುದ್ಧ ಹೋರಾಡುತ್ತಿರುತ್ತಾರೆ. ಮುಂದಿನ ಅಪ್‌ಡೇಟ್‌ನಲ್ಲಿ ಸಂಖ್ಯೆ ಬದಲಾದರೆ ವರ್ಷಗಳ ತಂತ್ರ ಒಂದೇ ರಾತ್ರಿಯಲ್ಲಿ ನೀರುಪಾಲು. ವಿದ್ಯುನ್ಮಾನ ಯುದ್ಧವಂತೂ ಬಹುತೇಕ ಎಲ್ಲ ಸಿಮ್ಯುಲೇಟರುಗಳಲ್ಲೂ ಹೆಸರಿಗಷ್ಟೇ ಇದೆ. ಇಂಥ ಹಿನ್ನೆಲೆಯಲ್ಲಿ 2025ರ ಆರಂಭದಲ್ಲಿ ಈಗಲ್ ಡೈನಮಿಕ್ಸ್ ಎಫ್-35ಎ ವಿಮಾನವನ್ನೇ ಮಾಡುವುದಾಗಿ ಘೋಷಿಸಿದಾಗ, ಆ ವಿಮಾನದ ಸಾರವೆಲ್ಲ ಇರುವುದು ಗುಟ್ಟಾದ ಭಾಗದಲ್ಲೇ ಅಲ್ಲವೇ ಎಂದು ಆಟಗಾರರೇ ಕೇಳಿದ್ದು ಸಹಜ. ಇನ್ನೊಂದು ಕಡೆ, ಅದೇ ವೇದಿಕೆಯ ರಷ್ಯಾದ ಸು-27 ಇಂದಿಗೂ ಸ್ವಿಚ್ಚು ಒತ್ತಲಾಗದ ಸರಳ ಮಟ್ಟದಲ್ಲೇ ಇದೆ. ಪಶ್ಚಿಮದ ವಿಮಾನಗಳ ವಿವರಕ್ಕೆ ಸರಿಸಾಟಿಯಾದ ಆಧುನಿಕ ಎದುರಾಳಿ ಸಿಗುವುದು ಕಷ್ಟ.

ಈ ಕಾರಣಕ್ಕಾಗಿಯೇ ನನಗೆ ಕಾಲ್ಪನಿಕ ವಿಮಾನಗಳ ಆಟಗಳ ಮೇಲೆ ಇತ್ತೀಚೆಗೆ ಗೌರವ ಹೆಚ್ಚಿದೆ. ವಿಆರ್‌ಗಾಗಿಯೇ ಮಾಡಿದ, 2017ರಲ್ಲಿ ಬಂದ ವಿಟಾಲ್ ವಿಆರ್, 2023ರಲ್ಲಿ ಬಂದ ನ್ಯೂಕ್ಲಿಯರ್ ಆಪ್ಷನ್ ಇವು ಯಾವ ನಿಜ ವಿಮಾನದ ಹೆಸರನ್ನೂ ಹೇಳಿಕೊಳ್ಳುವುದಿಲ್ಲ. ಆದ್ದರಿಂದ ಅವುಗಳಲ್ಲಿ ರೇಡಾರ್, ಜ್ಯಾಮಿಂಗ್, ಕ್ಷಿಪಣಿ ಎಲ್ಲಕ್ಕೂ ಒಂದೇ ನಿಯಮ, ಎರಡೂ ಪಕ್ಷಕ್ಕೆ ಒಂದೇ ನ್ಯಾಯ. ಹೆಸರು ನಿಜವಿದ್ದು ಒಳಗೆ ಊಹೆಯಿರುವುದಕ್ಕಿಂತ, ಎಲ್ಲವೂ ಊಹೆಯೆಂದು ಒಪ್ಪಿಕೊಂಡು ತರ್ಕಬದ್ಧವಾಗಿರುವುದು ಕೆಲವೊಮ್ಮೆ ಹೆಚ್ಚು ಕಲಿಸುತ್ತದೆ.

ಈಗ ನಿಮಗೆ ಅತಿ ಹತ್ತಿರದ ವಿಷಯ: ಫಾಲ್ಕನ್. 1998ರ ಡಿಸೆಂಬರಿನಲ್ಲಿ ಮೈಕ್ರೋಪ್ರೋಸ್ ಬಿಡುಗಡೆ ಮಾಡಿದ ಆ ಆಟ ಹುಳುಕುಗಳ ಗೂಡಾಗಿತ್ತು ಎಂಬುದನ್ನು ನೀವು ಮರೆತಿರಲಾರಿರಿ. ಆದರೂ ಅದರಲ್ಲಿ ಕೊರಿಯಾ ಪರ್ಯಾಯದ್ವೀಪದ ಇಡೀ ಯುದ್ಧ ನೀವು ಆಡಲಿ ಬಿಡಲಿ ತನ್ನ ಪಾಡಿಗೆ ನಡೆಯುತ್ತಿತ್ತು. ನೀವು ಇಂದು ಒಡೆದ ಸೇತುವೆಯಿಂದ ನಾಳೆ ಒಂದು ಟ್ಯಾಂಕ್ ದಳ ತಡವಾಗುತ್ತಿತ್ತು. ನೀವು ಬಿಟ್ಟುಬಂದ ಕ್ಷಿಪಣಿ ನೆಲೆ ಮರುದಿನ ನಿಮ್ಮವರನ್ನೇ ಹೊಡೆಯುತ್ತಿತ್ತು. ಆ ಕಾಲದ ದುರ್ಬಲ ಕಂಪ್ಯೂಟರಿನಲ್ಲಿ ಇದು ಹೇಗೆ ಸಾಧ್ಯವಾಯಿತು ಎಂಬುದರಲ್ಲೇ ಇಂದಿನ ಕೊರತೆಗೂ ಉತ್ತರವಿದೆ. ಆಟಗಾರನ ಸುತ್ತ ಒಂದು ಗುಳ್ಳೆಯನ್ನು ಕಲ್ಪಿಸಿಕೊಳ್ಳಿ. ಗುಳ್ಳೆಯ ಒಳಗಿರುವ ಪ್ರತಿ ವಿಮಾನ, ಪ್ರತಿ ಟ್ಯಾಂಕು ಬಿಡಿಬಿಡಿಯಾಗಿ ಚಲಿಸುತ್ತದೆ. ಹೊರಗಿರುವುದೆಲ್ಲ ಬರೀ ಲೆಕ್ಕ: ಇಷ್ಟು ಟ್ಯಾಂಕುಗಳ ಒಂದು ದಳ, ಇಷ್ಟು ಬಲ, ಇಂಥ ದಿಕ್ಕು. ಎರಡು ದಳಗಳು ಎದುರಾದರೆ ಅಂಕಿಸಂಖ್ಯೆಯಲ್ಲೇ ಕಾದಾಡಿ ಫಲಿತಾಂಶ ಬರೆದುಕೊಳ್ಳುತ್ತವೆ. ನೀವು ಹತ್ತಿರ ಹಾರಿದೊಡನೆ ಆ ಲೆಕ್ಕ ಒಡೆದು ಟ್ಯಾಂಕುಗಳಾಗುತ್ತದೆ.

ಡಿಸಿಎಸ್ ಬೇರೆಯೇ ಬೇರಿನಿಂದ ಬೆಳೆದದ್ದು. ಅದರ ಭೂಪಟದಲ್ಲಿರುವ ಪ್ರತಿ ಘಟಕವೂ, ನೀವು ನೂರಾರು ಕಿಲೋಮೀಟರ್ ದೂರವಿದ್ದರೂ, ಪೂರ್ಣವಾಗಿ ಬದುಕಿರುತ್ತದೆ. ಚೊಕ್ಕವಾಗಿ ಬರೆದ ಒಂದು ಕಾರ್ಯಾಚರಣೆಗೆ ಇದು ಬಹಳ ಒಳ್ಳೆಯದು. ಸಾವಿರಾರು ಘಟಕಗಳ ಯುದ್ಧಕ್ಕೆ ಪ್ರೊಸೆಸರ್ ಸಾಲುವುದಿಲ್ಲ. 2023ರಲ್ಲಿ ಕೆಲಸವನ್ನು ಪ್ರೊಸೆಸರಿನ ಹಲವು ಕೋರ್‌ಗಳಿಗೆ ಹಂಚುವ ವ್ಯವಸ್ಥೆ ಬಂದ ಮೇಲೆ ಉಸಿರಾಡಲು ಸ್ವಲ್ಪ ಜಾಗ ಸಿಕ್ಕಿದೆ. ಆದರೆ ತಾನಾಗಿ ನಡೆಯುವ ಯುದ್ಧವನ್ನು ಕೊಡುತ್ತೇವೆಂಬ ಭರವಸೆ ವರ್ಷಗಳಿಂದ ಭರವಸೆಯಾಗಿಯೇ ಉಳಿದಿದೆ. ಅಲ್ಲಿಯವರೆಗೆ ನೀವು ಆಡುವುದು ಯಾರೋ ಬರೆದಿಟ್ಟ ದೃಶ್ಯಗಳನ್ನು: ಈ ಗಡಿ ದಾಟಿದರೆ ಆ ಎರಡು ಮಿಗ್ ಏಳುತ್ತವೆ, ಪ್ರತಿ ಬಾರಿಯೂ ಅಲ್ಲಿಂದಲೇ ಏಳುತ್ತವೆ. ಕೆಲವು ಬರಹಗಾರರು ಇದನ್ನು ಅದ್ಭುತವಾಗಿ ಮಾಡುತ್ತಾರೆ, ಅಭಿಮಾನಿಗಳು ಸ್ವಂತ ಸಲಕರಣೆಗಳಿಂದ ಚಿಕ್ಕಪುಟ್ಟ ಚಲಿಸುವ ಯುದ್ಧಗಳನ್ನು ಕಟ್ಟಿದ್ದೂ ಉಂಟು. ಆದರೂ ಫಾಲ್ಕನ್ನಿನ ರುಚಿ ಕಂಡ ನಾಲಿಗೆಗೆ ಇದು ಒಗ್ಗುವುದು ನಿಧಾನ.

ಕಂಪ್ಯೂಟರ್ ಹಾರಿಸುವ ಪೈಲಟ್ಟುಗಳ ವಿಷಯ ಇದಕ್ಕಿಂತ ಶೋಚನೀಯ. ಪ್ರೊಸೆಸರಿನ ಹೊರೆ ತಗ್ಗಿಸಲು ಅವರಿಗೆ ಸರಳಗೊಳಿಸಿದ ಭೌತಶಾಸ್ತ್ರವನ್ನು ಕೊಡುವುದು ವಾಡಿಕೆ. ಹೀಗಾಗಿ ನೀವು ಒಂದೊಂದು ನಾಟ್ ವೇಗವನ್ನೂ ಲೆಕ್ಕಹಾಕಿ ಖರ್ಚು ಮಾಡುತ್ತಿರುವಾಗ, ಎದುರಾಳಿ ಶಕ್ತಿ ಕಳೆದುಕೊಳ್ಳದೆ ನೇರ ಮೇಲಕ್ಕೆ ಸುತ್ತು ಹೊಡೆಯುತ್ತಿರುತ್ತಾನೆ. ಅವನಿಗೆ ಹೆದರಿಕೆಯಿಲ್ಲ, ಸೂರ್ಯ ಕಣ್ಣಿಗೆ ಕುಕ್ಕುವುದಿಲ್ಲ, ಮನೆಗೆ ಮರಳುವ ಇಂಧನದ ಚಿಂತೆ ತೀರ ತಡವಾಗಿ ಹುಟ್ಟುತ್ತದೆ. ನಿಮ್ಮ ಜೊತೆಗಾರನೋ, ಹಾಕಿದ ಆಜ್ಞೆಗೆ ಒಲ್ಲೆನೆನ್ನುತ್ತಾನೆ, ಇಲ್ಲವೇ ಇದ್ದ ಕ್ಷಿಪಣಿಗಳನ್ನೆಲ್ಲ ಒಂದೇ ಗುರಿಗೆ ಸುರಿಯುತ್ತಾನೆ. ಮನುಷ್ಯರ ಜೊತೆ ಆನ್‌ಲೈನಿನಲ್ಲಿ ಆಡಿದರೆ ಈ ತೊಂದರೆಗಳು ಹೋಗಿ ಬೇರೆಯವು ಬರುತ್ತವೆ; ಶಿಸ್ತಿನ ಗುಂಪು ಸಿಕ್ಕರೆ ಸ್ವರ್ಗ, ತೆರೆದ ಸರ್ವರಿನಲ್ಲಿ ಸತ್ತರೆ ಇನ್ನೊಂದು ವಿಮಾನ ಕಾದಿರುತ್ತದೆ ಎಂಬ ಧೈರ್ಯದ ಸಂತೆ.

ವ್ಯಾಪಾರದ ರೀತಿಯನ್ನೂ ಹೇಳಬೇಕು. ನಿಮ್ಮ ಕಾಲದಲ್ಲಿ ಒಂದು ಪೆಟ್ಟಿಗೆ ಕೊಂಡರೆ ಆಟ ಮುಗಿಯಿತು. ಈಗ ವೇದಿಕೆ ಉಚಿತ, ಒಂದೆರಡನ್ನು ಬಿಟ್ಟರೆ ಪ್ರತಿ ವಿಮಾನಕ್ಕೂ ಪ್ರತಿ ಭೂಪಟಕ್ಕೂ ಪ್ರತ್ಯೇಕ ಹಣ, ಅದೂ ಬಹುತೇಕ ಅರ್ಧ ಮುಗಿದ ಸ್ಥಿತಿಯಲ್ಲಿ. ಹಣ ಬರುವುದು ಹೊಸ ವಿಮಾನದಿಂದ. ಹಳೆಯ ವಿಮಾನವನ್ನು ಮುಗಿಸುವುದರಿಂದಾಗಲೀ, ಯಾರೂ ಪ್ರತ್ಯೇಕವಾಗಿ ಕೊಳ್ಳದ ಎದುರಾಳಿಯ ಬುದ್ಧಿಯನ್ನು ತಿದ್ದುವುದರಿಂದಾಗಲೀ ಬರುವುದಿಲ್ಲ. ಯಂತ್ರ ಬೆಳೆದು ಯುದ್ಧ ಸೊರಗಿದ್ದರ ಒಂದು ಕಾರಣ ಇಲ್ಲಿಯೂ ಇದೆ ಎಂದು ನನ್ನ ನಂಬಿಕೆ. ಬೇರೆ ತಂಡಗಳು ಮಾಡಿದ ವಿಮಾನಗಳಲ್ಲಿ ಇನ್ನೊಂದು ಅಪಾಯವಿದೆ: 2024ರಲ್ಲಿ ಎಫ್-15ಇ ತಯಾರಿಸಿದ ರೇಜ್‌ಬ್ಯಾಮ್ ಮತ್ತು ಈಗಲ್ ಡೈನಮಿಕ್ಸ್ ನಡುವೆ ಹಣದ ವಿವಾದ ಬಹಿರಂಗವಾಗಿ, ಆ ವಿಮಾನದ ಕೆಲಸ ನಿಂತು, ಕೊಂಡವರು ನಡುನೀರಿನಲ್ಲಿ ಉಳಿದರು.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ನೀವು ಮರಳಿ ಬಯಸುತ್ತಿರುವುದು ಆ ಕೊರಿಯಾ ಯುದ್ಧವನ್ನೇ ಆಗಿದ್ದರೆ ಅದು ಸತ್ತಿಲ್ಲ. 2000ದಲ್ಲಿ ಸೋರಿಹೋದ ಫಾಲ್ಕನ್ ಮೂಲಸಂಕೇತದಿಂದ (ಸೋರ್ಸ್ ಕೋಡ್) ಬೆಳೆದ ಅಭಿಮಾನಿಗಳ ಪ್ರಯತ್ನಗಳಲ್ಲಿ ಬಿಎಂಎಸ್ ಇಂದಿಗೂ ಜೀವಂತವಾಗಿದೆ, 4.37 ಆವೃತ್ತಿಯಲ್ಲಿ ವಿಆರ್ ಕೂಡ ಬಂತು. ಅದು ಉಚಿತ, ಆದರೆ ಮೂಲ ಫಾಲ್ಕನ್ 4.0ರ ಪ್ರತಿ ನಿಮ್ಮ ಬಳಿ ಇರಬೇಕು. ಹಳೆಯ ಸಿಡಿಯನ್ನು ಎಸೆದಿಲ್ಲವಾದರೆ ಅಟ್ಟದಿಂದ ಇಳಿಸಿ. ನೆಲದ ಚಿತ್ರ ಡಿಸಿಎಸ್‌ನಷ್ಟು ಕಣ್ಣು ತುಂಬುವುದಿಲ್ಲ, ಹಾರಿಸಲು ಸಿಗುವ ವಿಮಾನಗಳಲ್ಲಿ ಎಫ್-16ದೇ ಸಿಂಹಪಾಲು. ಅದರ ಕೈಪಿಡಿಯನ್ನು ಮಾತ್ರ ಓದಲೇಬೇಕು, ಓದದೆ ಕುಳಿತರೆ ಎಂಜಿನ್ನೂ ಶುರುವಾಗದು.

ವಿಮಾನವೇ ಮುಖ್ಯವಾದರೆ ಡಿಸಿಎಸ್ ಹಾಕಿಕೊಳ್ಳಿ. ಸು-25ಟಿ ದಾಳಿ ವಿಮಾನ ಮತ್ತು ಟಿಎಫ್-51ಡಿ ತರಬೇತಿ ವಿಮಾನ ಉಚಿತವಾಗಿ ಬರುತ್ತವೆ, ಕಾಕಸಸ್ ಭೂಪಟವೂ ಉಚಿತ. ಮೊದಲ ತಿಂಗಳು ಟಿಎಫ್-51ರಲ್ಲಿ ಬರೀ ಏಳುವುದು, ಇಳಿಯುವುದು, ನೇರ ಹಾರುವುದು ಇಷ್ಟನ್ನೇ ಮಾಡಿ. ಹಣ ಕೊಡುವ ವಿಮಾನಗಳನ್ನೂ ಹದಿನಾಲ್ಕು ದಿನ ಉಚಿತವಾಗಿ ಪ್ರಯೋಗಿಸಲು ಅವಕಾಶವಿದೆ. ಅದನ್ನು ಬಳಸದೆ ಒಂದನ್ನೂ ಕೊಳ್ಳಬೇಡಿ, ಬಿಡುಗಡೆಗೆ ಮುಂಚಿನ ರಿಯಾಯಿತಿಗೆ ಸೋಲಬೇಡಿ, ಒಂದನ್ನು ಚೆನ್ನಾಗಿ ಕಲಿಯುವವರೆಗೆ ಎರಡನೆಯದನ್ನು ನೋಡಬೇಡಿ. ವಾರಕ್ಕೆ ಎರಡು ಗಂಟೆಯಷ್ಟೇ ಸಮಯವಿದ್ದರೆ ಇವೆರಡನ್ನೂ ಬಿಟ್ಟು ಇಲ್-2 ಗ್ರೇಟ್ ಬ್ಯಾಟಲ್ಸ್ ಆರಿಸಿಕೊಳ್ಳಿ. ಅದರ ವೃತ್ತಿಜೀವನದ ವಿಧಾನದಲ್ಲಿ ಒಂದು ದಳಕ್ಕೆ ಸೇರಿ ದಿನಕ್ಕೊಂದು ಹಾರಾಟ ಮಾಡುತ್ತ ಹೋದರೆ, ಫಾಲ್ಕನ್ನಿನಷ್ಟಲ್ಲದಿದ್ದರೂ, ನಿನ್ನೆ ಪಕ್ಕದಲ್ಲಿ ಹಾರಿದವನು ಇಂದು ಪಟ್ಟಿಯಲ್ಲಿಲ್ಲ ಎಂಬುದು ಮನಸ್ಸಿಗೆ ತಟ್ಟುತ್ತದೆ.

ಸಲಕರಣೆಯ ವಿಷಯದಲ್ಲಿ ಒಂದೇ ಮಾತು. ಮೊದಲ ಹಣ ತಲೆಯ ಚಲನೆ ಗುರುತಿಸುವ ಸಾಧನಕ್ಕೆ, ಎರಡನೆಯದು ಕಾಲಿನಿಂದ ಒತ್ತುವ ರಡ್ಡರ್ ಪೆಡಲಿಗೆ, ದುಬಾರಿ ಸ್ಟಿಕ್ಕು ಆಮೇಲೆ. ಅಂಗಡಿಗಳು ಇದನ್ನು ತಲೆಕೆಳಗಾಗಿ ಹೇಳುತ್ತವೆ. ಆದರೆ ಹಿಂದೆ ತಿರುಗಿ ನೋಡಲಾಗದವನ ಕೈಯಲ್ಲಿ ಎಷ್ಟು ಒಳ್ಳೆಯ ಸ್ಟಿಕ್ಕಿದ್ದರೂ, ತನ್ನನ್ನು ಹೊಡೆದವನು ಯಾರೆಂಬುದು ಅವನಿಗೆ ಗೊತ್ತಾಗುವುದು ಆಟ ಮುಗಿದ ಮೇಲೆ ಮರುಪ್ರದರ್ಶನ ನೋಡಿದಾಗಲೇ.